ನೀರಿಗೆ ಮುಖ ಮಾಡಿ

ಆ ದಿನ ಬೆಳಗ್ಗೆ ಕೋಲಾರದ ಹಳೆಯ ಗಣಿ ಊರಿನ ಮೇಲೆ ಮಂಜು ಕವಿದಿತ್ತು. ಚಿನ್ನ ತೆಗೆದು ಮಿಕ್ಕ ಪುಡಿಮಣ್ಣನ್ನು ನೂರು ವರ್ಷ ಸುರಿದು ಸುರಿದು ಊರಂಚಿನಲ್ಲಿ ಎದ್ದಿದ್ದ ಸೈನೈಡ್ ದಿಬ್ಬಗಳು ಎಲ್ಲಿ ಮುಗಿದವು, ಮಂಜು ಎಲ್ಲಿ ಶುರುವಾಯಿತು ಎಂದು ಗೊತ್ತಾಗುತ್ತಿರಲಿಲ್ಲ. ಧನುರ್ಮಾಸದ ಮೊದಲ ವಾರ. ಗುಡಿಯ ಮೈಕಿನ ಹಾಡು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಬಂದ ಹಾಗೆ ಕೇಳಿಸುತ್ತಿತ್ತು. ಶಾಲನ್ನು ತಲೆಯ ಮೇಲೆ ಎಳೆದುಕೊಂಡು ಮುನಿರತ್ನಮ್ಮ ಗಣಿಯ ಬಾಯಿಗೆ ನಡೆದು ಬಂದರು.

ಕೆಳಗಿಳಿಸುವ ತೊಟ್ಟಿಲಿನ ಬಳಿ ಆರೋಗ್ಯಸ್ವಾಮಿ ಕಾಯುತ್ತಿದ್ದ. ಅವನ ತಾತ ಇದೇ ಗಣಿಯಲ್ಲಿ ಚಿನ್ನ ಒಡೆದವನು. ಮೊಮ್ಮಗನ ಕಾಲಕ್ಕೆ ಒಡೆಯಲು ಏನೂ ಉಳಿದಿರಲಿಲ್ಲ; ವಿಜ್ಞಾನಿಗಳನ್ನು ಇಳಿಸುವುದು, ಏರಿಸುವುದು, ಅಷ್ಟೇ.

"ಮೇಲೆ ಫ್ರಿಜ್ಜು, ಕೆಳಗೆ ಒಲೆ. ನಡುವೆ ನಾನು," ಎಂದ. "ದೆಲ್ಲಿ ಸಾರು ಆಗ್ಲೇ ಇಳಿದ್ರು ಮೇಡಂ. ತಿಂಡಿ ಕೂಡ ತಿಂದಿಲ್ಲ. ಏನೋ ವಿಷ್ಯ ಇದೆ."

"ನಿಂಗೆಂಗೆ ಗೊತ್ತು?"

"ತಿಂಡಿ ಬಿಟ್ಟು ಇಳಿಯೋರು ಇಬ್ರೇ ಮೇಡಂ. ಒಂದು ಚಿನ್ನ ಕಂಡೋರು, ಇನ್ನೊಂದು ಹೆಣ ಕಂಡೋರು. ತಾತ ಹೇಳ್ತಿದ್ರು."

ತೊಟ್ಟಿಲು ಎರಡೂವರೆ ಕಿಲೋಮೀಟರ್ ಆಳಕ್ಕೆ ಇಳಿಯಿತು. ಮುನಿರತ್ನಮ್ಮ ಶಾಲು ಮಡಿಸಿ ಚೀಲಕ್ಕಿಟ್ಟರು. ಆ ಆಳದಲ್ಲಿ ಬಂಡೆಯೇ ಬಿಸಿ. ಪ್ರಯೋಗಶಾಲೆಯ ಬಾಗಿಲು ತೆರೆಯುವ ಮುನ್ನ ಅವರು ದಿನವೂ ಬಿಸಿ ಬಂಡೆಗೆ ಅಂಗೈ ಊರಿ ಒಂದು ಕ್ಷಣ ಕಣ್ಣು ಮುಚ್ಚುತ್ತಿದ್ದರು. ಯಾಕೆಂದು ಯಾರೂ ಕೇಳಿರಲಿಲ್ಲ.

ಅಲ್ಲಿ ಏನಿತ್ತೆಂದು ಮೊದಲು ಹೇಳಬೇಕು. ಅಣುಶಕ್ತಿಯ ಒಲೆ ಲೋಕದ ಯಾವ ಮೂಲೆಯಲ್ಲಿ ಉರಿದರೂ ಅದರಿಂದ ನ್ಯೂಟ್ರಿನೊ ಎಂಬ ಸೂಕ್ಷ್ಮ ಕಣಗಳು ಹೊರಡುತ್ತವೆ. ಅವಕ್ಕೆ ಗೋಡೆಯ ತಡೆಯಿಲ್ಲ, ಬೆಟ್ಟದ ತಡೆಯಿಲ್ಲ. ಭೂಮಿಯ ಆ ಮಗ್ಗುಲಲ್ಲಿ ಹೊಕ್ಕು ಈ ಮಗ್ಗುಲಲ್ಲಿ ಹೊರಬರುತ್ತವೆ, ನಡುವೆ ಒಂದು ಭೂಮಿ ಇತ್ತೆಂಬುದು ಕೂಡ ಅವಕ್ಕೆ ತಿಳಿಯುವುದಿಲ್ಲ. ಅಂಥದ್ದನ್ನು ಹಿಡಿಯುವುದು ಹೇಗೆ? ಮುನಿರತ್ನಮ್ಮ ಇಪ್ಪತ್ತು ವರ್ಷ ಕೂತು ಒಂದು ಹರಳು ಬೆಳೆಸಿದ್ದರು. ಒಂದು ಪರಮಾಣು ಒಂಟಿಯಾಗಿ ನಡುಗಿದರೆ ಯಾರಿಗೂ ಕೇಳಿಸದು. ಈ ಹರಳಿನಲ್ಲಿ ಕೋಟಿ ಕೋಟಿ ಪರಮಾಣುಗಳು ಭಜನೆಯವರ ಹಾಗೆ ಒಂದೇ ತಾಳಕ್ಕೆ ದನಿಗೂಡಿಸುತ್ತಿದ್ದವು. ಕಣ ಯಾವ ದಿಕ್ಕಿನಿಂದ ಬಂತು, ಎಷ್ಟು ದೂರದಿಂದ ಬಂತು ಎಂಬುದನ್ನೂ ಆ ದನಿಯಿಂದ ತಿಳಿಯಬಹುದಿತ್ತು.

ಪ್ರಯೋಗಶಾಲೆಯನ್ನು ಹನ್ನೊಂದು ದೇಶಗಳು ಸೇರಿ ಕಟ್ಟಿದ್ದವು. ಸೂರ್ಯನನ್ನೂ ಸಾಯುವ ನಕ್ಷತ್ರಗಳನ್ನೂ ನೋಡಲು ಕಟ್ಟಿದ್ದು. "ಇಲ್ಲಿ ಕಂಡದ್ದನ್ನು ಎಲ್ಲರಿಗೂ ಒಂದೇ ಗಳಿಗೆಯಲ್ಲಿ ತಿಳಿಸತಕ್ಕದ್ದು" ಎಂದು ಒಪ್ಪಂದದ ಮೊದಲ ಸಾಲಿನಲ್ಲೇ ಇತ್ತು. ಅದರ ಕೆಳಗೆ ಮುಖ್ಯಸ್ಥೆಯಾಗಿ ಮುನಿರತ್ನಮ್ಮನ ಸಹಿಯಿತ್ತು. ಆದರೆ ಎಂಟು ತಿಂಗಳ ಹಿಂದೆ, ಹರಳು ಇನ್ನಷ್ಟು ಸೂಕ್ಷ್ಮವಾದಾಗ, ನಕ್ಷತ್ರಗಳ ಜೊತೆಗೆ ಬೇರೆ ಕೆಲವು ಮಿಣುಕುಗಳೂ ಕಂಡವು. ಅವು ಚಲಿಸುತ್ತಿದ್ದವು, ಸಮುದ್ರದ ತಳದಲ್ಲಿ.

ಅಣುಶಕ್ತಿಯ ಜಲಾಂತರ್ಗಾಮಿಗಳು. ಯಾರ ಕಣ್ಣಿಗೂ ಬೀಳದಿರುವುದೇ ಅವುಗಳ ಹುಟ್ಟಿನ ಕಾರಣ. ಲೋಕದ ಎಲ್ಲ ದೇಶಗಳ ಎಲ್ಲ ಜಲಾಂತರ್ಗಾಮಿಗಳೂ ಬಾವಿಯೊಳಗಿನ ಮೀನುಗಳಂತೆ ಮುನಿರತ್ನಮ್ಮನ ಪರದೆಯ ಮೇಲೆ ಈಜುತ್ತಿದ್ದವು.

ದೆಹಲಿಗೆ ತಿಳಿಸಿದಾಗ ಅಲ್ಲಿಂದ ಒಂದು ಕಾಗದ ಬಂತು: ಮುಂದಿನ ತೀರ್ಮಾನದವರೆಗೆ ಇದನ್ನು ಯಾರಿಗೂ ತಿಳಿಸಕೂಡದು. ಅದಕ್ಕೂ ಅವರು ಸಹಿ ಹಾಕಿದರು. ಕಾಗದದ ಜೊತೆಗೆ ಸಲಹೆಗಾರರಾಗಿ ಬಂದವರು ಪ್ರೊಫೆಸರ್ ಗುರುಬಸವ ಹಲಗತ್ತಿ. ಧಾರವಾಡದ ಕಡೆಯವರು, ದೆಹಲಿಯಲ್ಲಿ ಮೂವತ್ತು ವರ್ಷ ಅಂತರರಾಷ್ಟ್ರೀಯ ರಾಜಕಾರಣ ಕಲಿಸಿದವರು. ಹೀಗೆ ಎಂಟು ತಿಂಗಳು ಮುನಿರತ್ನಮ್ಮ ಎರಡು ಮಾತು ಕೊಟ್ಟ ಹೆಂಗಸಾಗಿ ಬದುಕಿದ್ದರು. ಒಂದನ್ನು ಉಳಿಸಿಕೊಂಡ ದಿನವೆಲ್ಲ ಇನ್ನೊಂದು ಮುರಿಯುತ್ತಿತ್ತು.

ಆ ಬೆಳಗ್ಗೆ ಹಲಗತ್ತಿಯವರು ಬನಿಯನ್ನಿನಲ್ಲೇ ಪರದೆಯ ಮುಂದೆ ಕೂತಿದ್ದರು. ಬೆವರು ಇಳಿಯುತ್ತಿತ್ತು.

"ಬರ್ರಿ ಮೇಡಂ. ಇದನ್ನೊಂದೀಟು ನೋಡ್ರಿ. ಎರಡ ದಿನ ಆತು, ಇದು ಅಲುಗಾಡವಲ್ದು."

ಬಡಗಣ ಸಮುದ್ರದಲ್ಲಿ ಎರಡು ದೇಶಗಳ ನಡುವೆ ಒಂದು ತಿಂಗಳಿಂದ ಬಿಗುವಿತ್ತು. ಹೆಸರುಗಳು ಯಾಕೆ, ಒಬ್ಬರನ್ನು ಹಿಮದವರು, ಇನ್ನೊಬ್ಬರನ್ನು ದ್ವೀಪದವರು ಎಂದುಕೊಂಡರೆ ಸಾಕು. ದ್ವೀಪದವರ ಗಡಿಯೊಳಗೆ, ಸಮುದ್ರದ ತಳದಲ್ಲಿ, ಹಿಮದವರ ಒಂದು ಮಿಣುಕು ನಿಂತುಬಿಟ್ಟಿತ್ತು. ಒಲೆ ಆರಿದ ಮೇಲೂ ಬೂದಿಯೊಳಗೆ ಕೆಂಡ ಉಳಿಯುವ ಹಾಗೆ ಆರಿದ ಅಣುಒಲೆಯೂ ಕೆಲವು ದಿನ ಮಂಕಾಗಿ ಮಿನುಗುತ್ತದೆ. ಇದು ಹಾಗೆ ಮಿನುಗುತ್ತಿತ್ತು.

"ಮುಳುಗಿದ್ಯಾ?" ಎಂದು ಮುನಿರತ್ನಮ್ಮ ಕೇಳಿದರು.

"ಮುಳುಗೇತಿ. ಮುಂಜಾನೆ ರೇಡಿಯೊದಾಗ ಅವರ ಮಂತ್ರಿ ಹೇಳ್ಯಾನ, ನಮ್ಮ ಹಡಗು ಯಾವುದೂ ಕಳದಿಲ್ಲ ಅಂತ. ಒಪ್ಪಿಕೊಂಡ್ರ ಕಳ್ಳತನದ್ಲೆ ಇನ್ನೊಬ್ಬರ ಹಿತ್ತಲಕ್ಕ ಹೊಕ್ಕಿದ್ದು ಒಪ್ಪಿಕೊಂಡಂಗ ಆತಲ್ಲ. ಎಪ್ಪತ್ತೊಂದ ಮಂದಿ ಇರ್ತಾರ ಅಂಥಾದ್ರಾಗ. ಸತ್ತಿರಬೇಕು, ಪಾಪ."

ಮುನಿರತ್ನಮ್ಮ ಎರಡು ದಿನದ ದಾಖಲೆಯನ್ನು ಹಿಂದಕ್ಕೆ ಓಡಿಸಿ ನೋಡಿದರು. ಮಂಕು ಮಿಣುಕು ಒಮ್ಮೆ ಚೂರು ಏರಿ ಇಳಿದಿತ್ತು. ಹತ್ತು ಗಂಟೆ ಬಿಟ್ಟು ಮತ್ತೆ ಏರಿ ಇಳಿದಿತ್ತು. ಇವತ್ತು ಬೆಳಗಿನ ಜಾವ ಐದೂವರೆಗೆ ಮತ್ತೊಮ್ಮೆ. ಮಸಿ ಹಿಡಿದ ಅಡುಗೆಮನೆಯಲ್ಲಿ ಕೂತು ಆರಿದ ಒಲೆಗೆ ಊದುಗೊಳವೆಯಿಂದ ಊದುವುದು ಅವರಿಗೆ ಗೊತ್ತಿತ್ತು.

"ಸತ್ತಿಲ್ಲ ಸಾರ್," ಎಂದರು. "ಊದ್ತಿದಾರೆ."

ಹಲಗತ್ತಿಯವರು ಪರದೆಗೆ ಬಾಗಿದರು. ಏಳು ಸಾವಿರ ಕಿಲೋಮೀಟರ್ ಆಚೆ, ಸಮುದ್ರದಡಿಯ ಕತ್ತಲಲ್ಲಿ, ಯಾರದೋ ಕೈ ಒಂದು ಗುಂಡಿ ಒತ್ತಿತ್ತು; ಅದು ಈ ಬಂಡೆಯೊಳಗಿನ ಹರಳಿಗೆ ಕೇಳಿಸಿತ್ತು. ಮುಂದೆ ಮಾತಾಡುವಾಗ ಪ್ರೊಫೆಸರರ ದನಿ ತಗ್ಗಿತ್ತು.

"ಗಾಳಿ ಎಷ್ಟ ದಿನ ಇರತೈತಿ?"

"ನಾಲ್ಕು ದಿನ ಅಂತಾರೆ. ಎರಡು ಮುಗೀತು. ಸಾರ್, ಒಪ್ಪಂದದ ಪ್ರಕಾರ ಎಲ್ಲರಿಗೂ ಹೇಳಿಬಿಡ್ತೀನಿ."

"ನಿಂದರ್ರಿ. ಒಂದೀಟು ಕೇಳ್ರಿ." ಅವರು ಟವೆಲಿನಿಂದ ಮುಖ ಒರೆಸಿಕೊಂಡರು. "ಊರಿಗೆ ಗೌಡ ಇರ್ತಾನ, ಪೊಲೀಸ ಇರ್ತಾನ. ದೇಶ ದೇಶದ ಮ್ಯಾಲ ಯಾರದಾರ? ಯಾರೂ ಇಲ್ಲ. ಅಂಥಾ ಊರಾಗ ಎಲ್ಲಾರೂ ಬಾಗಲಾ ಹಿಂದ ಬಡಿಗಿ ಇಟ್ಕೋತಾರ. ನಾ ನನ್ನ ಜೀವಾ ಕಾಯಾಕ ಇಟ್ಕೊಂಡ್ರೂ ಬಾಜೂಮನಿಯವ ಅಂಜಿ ಎರಡ ಇಟ್ಕೋತಾನ. ಯುದ್ಧ ಕೆಟ್ಟವರಿಂದ ಆಗೂದಿಲ್ರಿ, ಅಂಜಿದವರಿಂದ ಆಗತೈತಿ. ಎರಡೂವರೆ ಸಾವಿರ ವರ್ಷ ಇದ ನಡದೈತಿ. ರಾಜರು ಹೋದ್ರು, ಮಂತ್ರಿಗಳು ಬಂದ್ರು, ಬಡಿಗಿ ಹೋಗಲಿಲ್ಲ."

"ಅದಕ್ಕೂ ಇದಕ್ಕೂ?"

"ಹಿಮದವರಿಗೆ ಒಬ್ಬರಿಗೇ ಹೇಳ್ರಿ, ಅವರ ಹಡಗು ದ್ವೀಪದವರ ನೀರಿಗೆ ನುಗ್ಗತಾವ. ದ್ವೀಪದವರಿಗೆ ಹೇಳ್ರಿ, ಕೆಂಡದ ಮ್ಯಾಲ ಬಂದು ಕುಂದರ್ತಾರ, ಹಡಗಿನ ಗುಟ್ಟು ಕಿತ್ಕೋತಾರ. ಇಬ್ಬರಿಗೂ ಹೇಳಿದ್ರ ಇಬ್ಬರೂ ಒಂದ ಜಾಗಾದಾಗ ಬಡಿಗಿ ಹಿಡದ ನಿಂದರ್ತಾರ. ಮತ್ತ ನಿಮ್ಮ ಕಣ್ಣು ಏನೇನು ನೋಡತೈತಿ ಅಂತ ಲೋಕಕ್ಕ ಗೊತ್ತಾಗತೈತಿ. ನಮ್ಮ ದೇಶಕ್ಕ ದೇವರು ಕೊಟ್ಟ ಕಣ್ಣು ಇದು. ನಾನೂ ಮನಷ್ಯಾನ ಅದೇನಿ ಮೇಡಂ. ಆದ್ರ ಎಪ್ಪತ್ತೊಂದು ಒಂದು ತಕ್ಕಡಿಯಾಗ, ಇಡೀ ಲೋಕ ಇನ್ನೊಂದರಾಗ."

ಈ ಮಾತಿನಲ್ಲಿ ಸುಳ್ಳಿರಲಿಲ್ಲ. ಅದೇ ಮುನಿರತ್ನಮ್ಮನನ್ನು ಕಾಡಿದ್ದು. ಹಸಿವಾಯಿತೆಂದು ಹೇಳಿ ಅವರು ಮೇಲೆ ಬಂದರು.

ಮನೆಯಲ್ಲಿ ತಾಯಿ ಪಿಳ್ಳಮ್ಮ ಮುದ್ದೆ ಕಟ್ಟಿಟ್ಟುಕೊಂಡು ಕಾಯುತ್ತಿದ್ದಳು. ಎಂಬತ್ತೆರಡು ವರ್ಷದ ಜೀವ. ಗಂಡ ಕದಿರಪ್ಪ ತಮ್ಮ ಹಳ್ಳಿಯ ಕೆರೆಗೆ ನೀರುಗಂಟಿಯಾಗಿದ್ದವನು. ಕೆರೆಯ ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರೆಂದು ನೋಡುವುದು ಅವನ ಕೆಲಸ. ಆ ಕೆರೆಯ ಕೆಳಗೆ ಅವನದೆಂದು ಒಂದು ಗುಂಟೆ ನೆಲವೂ ಇರಕೂಡದೆಂಬುದು ಹಿಂದಿನಿಂದ ಬಂದ ಕಟ್ಟಳೆ.

"ಯಾಕಮ್ಮ, ಮುದ್ದೆ ಮುರೀದೆ ಕುಂತಿದ್ದೀಯ? ಸಾರು ಸಪ್ಪೆ ಆಯ್ತಾ?"

"ಅಮ್ಮ, ಕೆರೆ ಬತ್ತಿದ ವರ್ಷ ಅಪ್ಪನ್ನ ಗೌಡ್ರು ಹೊಡೆದಿದ್ರಂತಲ್ಲ. ಯಾಕೆ?"

ಪಿಳ್ಳಮ್ಮ ನಕ್ಕಳು. "ಈಗ್ಯಾಕ್ ಅದು? ಹೊಡೀದೇ ಇರ್ತಾರಾ. ಆ ವರ್ಸ ಕೆರೇಲಿ ಮೊಣಕಾಲುದ್ದ ನೀರಿತ್ತು. ತೂಬಿನ ಬುಡದ ಗದ್ದೆಯೋರು ಬಂದು, ಕದಿರ, ಎಷ್ಟು ನೀರೈತೆ ಅಂತ ನಮಗ್ ಮಾತ್ರ ಯೋಳು, ಕಡೇ ಗದ್ದೆಯೋರ್ಗೆ ಯೋಳಬ್ಯಾಡ ಅಂದ್ರು. ಕಡೇ ಗದ್ದೆಯೋರು ಹಿಂದ್ಗಡೆಯಿಂದ ಬಂದು ಅದನ್ನೇ ಕೇಳಿದ್ರು. ನಿಮ್ಮಪ್ಪ ಇಬ್ರಿಗೂ ಹೂಂ ಅಂದ."

"ಇಬ್ರಿಗೂ?"

"ಹೂಂ, ಇಬ್ರಿಗೂ. ಅವನೇನ್ ಧರ್ಮರಾಯನಾ? ಹೆದರಿದ್ದ. ಎಂಟ್ ದಿನ ತೂಬಿನ್ ತಾವ ಹೋಗ್ಲೇ ಇಲ್ಲ. ಅಷ್ಟ್ರಲ್ಲಿ ಎರಡ್ ಕಡೆಯೋರೂ ಕುಡ್ಲು ಮಸೆಯಾಕ್ ಹತ್ತಿದ್ರು, ಅವ್ರು ಕದೀತವ್ರೆ ಅಂತ ಇವ್ರು, ಇವ್ರು ಕದೀತವ್ರೆ ಅಂತ ಅವ್ರು. ನೀರು ಹಂಗೇ ಇತ್ತು ಕಣೇ. ಒಂದ್ ಬೊಗಸೆ ಯಾರೂ ಮುಟ್ಟಿರ್ಲಿಲ್ಲ."

"ಆಮೇಲೆ?"

"ಆಮೇಲೇನು. ಒಂದಿನ ಬೆಳಿಗ್ಗೆ ಎದ್ದ, ತಮಟೆ ತಗೊಂಡ, ಏರಿ ನಡುವೆ ಹೋಗಿ ನಿಂತ. ನೀರಿಗೆ ಮಕ ಮಾಡಿ, ಊರ್ಗೆ ಬೆನ್ನು ಮಾಡಿ, ಬಡಿದ. ಮೊಣಕಾಲುದ್ದ ಐತೆ ಅಂತ ಕೂಗ್ದ. ನೀರುಗಂಟಿ ಹಂಗೇ ನಿಲ್ಬೇಕು. ಅವ್ರ ಕಡೆ ತಿರುಗಿದ್ರೆ ಅವ್ರಿಗ್ ಮೊದ್ಲು ಯೋಳ್ದ ಅಂತಾರೆ, ಇವ್ರ ಕಡೆ ತಿರುಗಿದ್ರೆ ಇವ್ರಿಗೆ ಅಂತಾರೆ. ಗಂಗಮ್ಮನ ಕಡೆ ತಿರುಗಿದ್ರೆ ಯಾರೇನ್ ಅಂತಾರೆ? ಅವಳ ಮಕ ನೋಡ್ಕೊಂಡು ಸುಳ್ಳು ಬರಾಕಿಲ್ಲ ಬಾಯಿಗೆ."

"ಅದಕ್ಕೇ ಹೊಡೆದ್ರಾ?"

"ಎರಡೂ ಕಡೆಯೋರು ಹೊಡೆದ್ರು. ಸಂದೇಗೆ ಅದೇ ಜನ ಅರಳಿಮರದ್ ಕೆಳಗೆ ಕುಂತು, ಎಲ್ರೂ ಅರ್ಧರ್ಧ ಗದ್ದೆ ನಾಟಿ ಮಾಡಾಣ ಅಂದ್ರು. ಎಷ್ಟ್ ಐತೆ ಅಂತ ತಿಳೀದೇ ಇದ್ದಾಗ್ಲೇ ಕುಡ್ಲು. ತಿಳಿದ್ ಮೇಲೆ ಮಾತು. ತಿನ್ನಮ್ಮ, ಆರೋಗ್ತದೆ."

ಮುನಿರತ್ನಮ್ಮ ಮುದ್ದೆ ತಿಂದರು. ಎಂಟು ದಿನ ಅಪ್ಪ ಕೆರೆಯ ಕಡೆ ಹೋಗದೆ ಮನೆಯಲ್ಲಿ ಏನು ಮಾಡುತ್ತಿದ್ದ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ತಾವು ಎಂಟು ತಿಂಗಳು ಮಾಡಿದ್ದು ಅದನ್ನೇ.

ಒಂದೂವರೆಗೆ ಅವರು ಮತ್ತೆ ಕೆಳಗಿದ್ದರು. ಹಲಗತ್ತಿಯವರ ಕೈ ಪಕ್ಕದಲ್ಲೇ ಮೇಲಿನ ಕಾವಲಿಗೆ ಮಾತಾಡುವ ಫೋನಿತ್ತು. ಅವರು ಒಂದು ಮಾತು ಹೇಳಿದರೆ ವಿದ್ಯುತ್ತು ನಿಲ್ಲುತ್ತದೆ, ಮುನಿರತ್ನಮ್ಮನ ಕೆಲಸ ಹೋಗುತ್ತದೆ, ಬಹುಶಃ ಸೆರೆಮನೆಯೂ ಆಗುತ್ತದೆ. ಇದು ಇಬ್ಬರಿಗೂ ಗೊತ್ತಿತ್ತು.

"ಸಾರ್, ಬರೀ ಆ ಒಂದು ಮಿಣುಕಲ್ಲ. ಎಲ್ಲಾನೂ ತೋರಿಸ್ತೀನಿ. ಎಲ್ಲರದ್ದನ್ನೂ, ಎಲ್ಲರಿಗೂ. ನಮ್ಮದನ್ನೂ."

"ನಮ್ಮದನ್ನೂ?" ಪ್ರೊಫೆಸರರು ಎದ್ದು ನಿಂತರು.

"ನಮ್ಮದು ಮುಚ್ಚಿಟ್ಟು ಮಿಕ್ಕಿದ್ದು ಹೇಳಿದ್ರೆ ಯಾರು ನಂಬ್ತಾರೆ? ನಿಮ್ಮ ಶಾಸ್ತ್ರ ಸುಳ್ಳು ಅಂತ ನಾನು ಅಂತಿಲ್ಲ. ಅಂಜಿಕೆಯಿಂದ ಯುದ್ಧ ಅಂದ್ರಿ. ಕತ್ತಲಿದ್ರೆ ತಾನೇ ಅಂಜಿಕೆ. ಒಂದು ಸಲ ದೀಪ ಹಚ್ಚಿ ನೋಡೋಣ."

"ತಪ್ಪಿದ್ರ?"

"ತಪ್ಪಿದ್ರೆ ದೇವರ ಮುಂದೆ ನಾನು ನಿಲ್ತೀನಿ. ನೀವು ಬೇಕಿದ್ರೆ ಫೋನ್ ಮಾಡಿ."

ಹಲಗತ್ತಿಯವರು ಫೋನಿನ ಮೇಲೆ ಕೈ ಇಟ್ಟರು. ಕೈ ಅಲ್ಲೇ ಇತ್ತು. ಎತ್ತಲಿಲ್ಲ, ತೆಗೆಯಲೂ ಇಲ್ಲ. ಮುನಿರತ್ನಮ್ಮ ಅವರಿಗೆ ಬೆನ್ನು ಮಾಡಿ, ಪರದೆಯ ಮೇಲಿನ ಸಮುದ್ರಗಳಿಗೆ ಮುಖ ಮಾಡಿ, ಕಂಡದ್ದನ್ನೆಲ್ಲ ಕಂಡ ಹಾಗೆ ಎಲ್ಲ ದೇಶಗಳಿಗೂ ಕಳುಹಿಸತೊಡಗಿದರು.

ಮೊದಲ ಅರ್ಧ ಗಂಟೆ ಏನೂ ಆಗಲಿಲ್ಲ. ಆಮೇಲೆ ಹಿಮದವರ ಐದು ಮಿಣುಕುಗಳು ಬೇರೆ ಬೇರೆ ಕಡೆಯಿಂದ ತಿರುಗಿ ಮುಳುಗಿದ ಹಡಗಿನ ಕಡೆ ಹೊರಟವು. ಓಟ ಹೆಚ್ಚಾದಂತೆ ಒಲೆಯ ಉರಿ ಹೆಚ್ಚಿ ಮಿಣುಕುಗಳು ಹೊಳೆಯತೊಡಗಿದವು. ಹಿಮದವರ ಬಂದರುಗಳ ಹತ್ತಿರವೇ ಅಡಗಿದ್ದ ದ್ವೀಪದವರ ಮೂರು ಮಿಣುಕುಗಳೂ ಉರಿ ಏರಿಸಿದವು.

"ಹೇಳಿದ್ನಲ್ರಿ," ಎಂದರು ಹಲಗತ್ತಿ. ಆ ದನಿಯಲ್ಲಿ ಗೆದ್ದ ಸಂತೋಷವಿರಲಿಲ್ಲ.

ನಾಲ್ಕು ಗಂಟೆಗೆ ಐದು ಮಿಣುಕುಗಳು ದ್ವೀಪದವರ ಗಡಿಗೆ ಬಂದವು. ಇಬ್ಬರೂ ಅವನ್ನೇ ನೋಡುತ್ತಿದ್ದಾಗ, ಇತ್ತ ಕೆಂಡದ ಬಳಿ ಊದುವುದು ನಿಂತಿತ್ತು. ಹತ್ತು ಗಂಟೆಗೊಮ್ಮೆ ಏರುತ್ತಿದ್ದದ್ದು ಈ ಸಲ ಏರಲೇ ಇಲ್ಲ. ಎಂಟು ತಿಂಗಳ ಮೌನಕ್ಕೆ ಈ ಬೆಳಗಿನ ಗಂಟೆಗಳನ್ನೂ ಸೇರಿಸಿ, ಮನೆಯಲ್ಲಿ ಮುದ್ದೆ ತಿನ್ನುತ್ತ ಕೂತು, ಅವರ ಜೀವ ಹೋಗಲು ಬಿಟ್ಟೆನೇನೋ ಎಂದು ಮುನಿರತ್ನಮ್ಮನಿಗೆ ಎನಿಸಿತು. ಅವರು ಬಂಡೆಯ ಗೋಡೆಗೆ ಒರಗಿದರು.

ಆಗ ಐದರಲ್ಲಿ ಒಂದು ಮಿಣುಕು ಮಂಕಾಯಿತು.

ಮೊದಲು ಅವರಿಗೆ ಅರ್ಥವಾಗಲಿಲ್ಲ. ಎರಡನೆಯದೂ ಮಂಕಾಯಿತು, ಮೂರನೆಯದೂ. ಯಂತ್ರ ಕೆಟ್ಟಿತೆಂದು ಹಲಗತ್ತಿಯವರು ಪರದೆಗೆ ಮೂಗು ತಾಗಿಸಿ ನೋಡಿದರು. ಯಂತ್ರ ಸರಿಯಾಗಿತ್ತು. ಗಡಿಯ ಅಂಚಿನಲ್ಲಿ ಐದೂ ಹಡಗುಗಳು ತಮ್ಮ ಒಲೆಯ ಉರಿಯನ್ನು ತಾವೇ ತಗ್ಗಿಸಿ ನಿಂತಿದ್ದವು. ಲೋಕವೆಲ್ಲ ನೋಡುತ್ತಿದೆ, ದ್ವೀಪದವರೂ ನೋಡುತ್ತಿದ್ದಾರೆ ಎಂದು ತಿಳಿದೇ ತಗ್ಗಿಸಿದ್ದವು. ಸ್ವಲ್ಪ ಹೊತ್ತಿಗೆ, ಸಾವಿರ ಮೈಲಿ ಆಚೆ, ದ್ವೀಪದವರ ಮೂರೂ ಒಂದರ ಹಿಂದೆ ಒಂದು ಮಂಕಾದವು. ಹೊರಜಗಲಿಯ ಗೋಡೆಗೆ ಯಾರೋ ಬಡಿಗೆ ಒರಗಿಸಿಟ್ಟರೆ ಎದುರು ಮನೆಯವನೂ ತನ್ನದನ್ನು ಒರಗಿಸಿಟ್ಟ ಹಾಗೆ. ಯಾರೂ ಹೇಳಿರಲಿಲ್ಲ. ಹೇಳಲು ಮೇಲೆ ಯಾರೂ ಇರಲಿಲ್ಲ.

ಇಬ್ಬರೂ ಗುಡಿಯೊಳಗೆ ನಿಂತವರ ಹಾಗೆ ನಿಂತಿದ್ದರು. ಮನುಷ್ಯನ ಅಂಜಿಕೆ ಕರಗುವುದನ್ನು ಕಣ್ಣಾರೆ ಕಂಡವರು ಆವರೆಗೆ ಯಾರಿದ್ದರೋ ಗೊತ್ತಿಲ್ಲ. ಈ ಇಬ್ಬರು ಎರಡೂವರೆ ಕಿಲೋಮೀಟರ್ ಬಂಡೆಯ ಕೆಳಗೆ ಬೆವರುತ್ತ ಕಂಡರು.

ಏಳಕ್ಕೆ ಮೇಲಿನಿಂದ ಫೋನು ಬಂತು. ಆರೋಗ್ಯಸ್ವಾಮಿ. "ಮೇಡಂ, ರೇಡಿಯೊದಲ್ಲಿ ಹೇಳ್ತಿದಾರೆ. ದ್ವೀಪದವ್ರ ರಕ್ಷಣೆ ಹಡಗು, ನಿಮ್ ಪರದೇಲಿ ಕಾಣದ ಡೀಸೆಲ್ದು, ಹೋಗಿ ಅವ್ರನ್ನ ಮೇಲಕ್ಕೆ ತಂತಂತೆ. ಅರವತ್ನಾಲ್ಕು ಜನ ಉಸಿರಾಡ್ತಿದಾರೆ. ಹೊರಗಿಂದ ತಟ್ಟೋ ಶಬ್ದ ಕೇಳಿ, ಇಂಜಿನ್ ಮುಟ್ಟೋದು ಬಿಟ್ಟು ಸುಮ್ನೆ ಕೂತ್ರಂತೆ. ಏಳು ಜನ ಇಲ್ಲ. ಹಿಮದವ್ರ ಹಡಗೆಲ್ಲ ಗಡಿ ಹೊರಗೇ ನಿಂತಿತ್ತಂತೆ. ನೀವೇನಾದ್ರೂ ತಿಂದ್ರಾ?"

ಹಲಗತ್ತಿಯವರು ಕುರ್ಚಿ ಎಳೆದುಕೊಂಡು ಕೂತರು. ಇಡೀ ಮಧ್ಯಾಹ್ನ ತಾವು ಎತ್ತದೆ ಬಿಟ್ಟ ಫೋನು ಅದೇ ಎಂದು ಆಗಲೇ ಅವರಿಗೆ ಹೊಳೆದದ್ದು.

"ನಾಳೆ ಬಡಿಗಿ ಮತ್ತ ಎತ್ತಬಹುದು ಮೇಡಂ," ಎಂದರು. "ಇವತ್ತು ಇಟ್ಟದ್ದೂ ಲಾಭ ನಷ್ಟ ನೋಡೇ ಇಟ್ಟಾರ ಅಂತ ನನ್ನ ಶಿಷ್ಯರು ಬರೀತಾರ. ನಾನೂ ಬರೀಬಹುದು."

"ಬರೀರಿ ಸಾರ್."

"ಬರೀತೇನಿ. ಆದ್ರ ಶಾಸ್ತ್ರ ಹುಟ್ಟಿದ್ದ ಕತ್ತಲಾಗ ಅಂತ ಒಂದ ಸಾಲು ಮೊದಲ ಬರದು, ಆಮೇಲೆ."

ಮುನಿರತ್ನಮ್ಮನ ಮೇಲೆ ವಿಚಾರಣೆ ಆಯಿತು. ಅದು ಇನ್ನೂ ಮುಗಿದಿಲ್ಲ. ನಮ್ಮ ಜಲಾಂತರ್ಗಾಮಿಗಳನ್ನು ತೋರಿಸಿದ್ದಕ್ಕೆ ಬೈದವರ ಕಾಗದಗಳೇ ಒಂದು ಮೂಟೆಯಾದವು. ವಿಚಾರಣಾ ಸಮಿತಿಯ ಮುಂದೆ ಹಲಗತ್ತಿಯವರು "ಫೋನು ನನ್ನ ಕೈಯಾಗ ಇತ್ತು, ನಾ ಮಾಡಲಿಲ್ಲ" ಎಂದಷ್ಟೇ ಹೇಳಿ ಕೂತರು. ಲೋಕವೇನೂ ಸ್ವರ್ಗವಾಗಲಿಲ್ಲ. ಆದರೆ ಯಾವ ದೇಶವೂ ಆ ಕಣ್ಣನ್ನು ಮುಚ್ಚಿರೆಂದು ಕೇಳಲಿಲ್ಲ. ತಮ್ಮ ಕಡೆಯ ಒಬ್ಬೊಬ್ಬರನ್ನು ಪರದೆಯ ಮುಂದೆ ಕೂರಿಸಿಕೊಳ್ಳಿ ಎಂದಷ್ಟೇ ಕೇಳಿದವು.

ಹಾಗಾಗಿ ಯುಗಾದಿ ಕಳೆದ ಮರುವಾರ ತೊಟ್ಟಿಲಿನಲ್ಲಿ ಇಬ್ಬರು ಹೊಸಬರು ಇಳಿದರು. ಹಿಮದವರ ಕಡೆಯಿಂದ ಇಲ್ವಾ ಎಂಬ ಹೆಂಗಸು, ನೌಕಾಪಡೆಯಲ್ಲಿದ್ದು ನಿವೃತ್ತಳಾದವಳು. ದ್ವೀಪದವರ ಕಡೆಯಿಂದ ತೋರನ್ ಎಂಬ ನರೆಗಡ್ಡದ ಗಂಡಸು. ದಾರಿಯುದ್ದಕ್ಕೂ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಆರೋಗ್ಯಸ್ವಾಮಿ ತನ್ನ ಫ್ರಿಜ್ಜು ಒಲೆಯ ತಮಾಷೆಯನ್ನು ಇಂಗ್ಲಿಷಿನಲ್ಲಿ ಹೇಳಿ ನೋಡಿದ; ಯಾರೂ ನಗಲಿಲ್ಲ.

ಮುನಿರತ್ನಮ್ಮ ಅವರಿಗೆ ಪರದೆ ತೋರಿಸಿದರು, ಹರಳು ತೋರಿಸಿದರು, ಬಿಸಿಗೆ ಕುಡಿಯಲು ಮಜ್ಜಿಗೆ ಕೊಟ್ಟರು. ಆಮೇಲೆ ಮೂವರೂ ತಂತಮ್ಮ ಜಾಗದಲ್ಲಿ ಕೂತರು. ಪರದೆಯ ಮೇಲೆ ಹಡಗುಗಳು ಮೆಲ್ಲಗೆ ಈಜುತ್ತಿದ್ದವು.

ಸುಮಾರು ಒಂದು ಗಂಟೆಯ ನಂತರ ಇಲ್ವಾ ತನ್ನ ಚೀಲದಿಂದ ಒಂದು ತಗಡಿನ ಡಬ್ಬಿ ತೆಗೆದಳು. ಬಿಸ್ಕತ್ತಿನ ಡಬ್ಬಿಯಷ್ಟು ದೊಡ್ಡದು, ಅಂಚು ತುಕ್ಕು ಹಿಡಿದದ್ದು. ಎದ್ದು ಹೋಗಿ ಅದನ್ನು ತೋರನನ ಮೇಜಿನ ಮೇಲೆ ಸದ್ದಾಗದಂತೆ ಇಟ್ಟಳು.

"ಹಿಂದಿನ ಯುದ್ಧದ್ದು," ಎಂದಳು ತನ್ನ ಒರಟು ಇಂಗ್ಲಿಷಿನಲ್ಲಿ. "ಮೂವತ್ತೊಂದು ವರ್ಷ ನಮ್ಮ ಹತ್ತಿರ ಇಲ್ಲ ಎಂದು ಹೇಳಿದ್ದೆವು. ಇತ್ತು."

ತೋರನ್ ಮುಚ್ಚಳ ತೆಗೆದ. ಒಳಗೆ ಹತ್ತಿಯ ಮೇಲೆ ದ್ವೀಪದ ನಾವಿಕರು ಕೊರಳಲ್ಲಿ ಕಟ್ಟಿಕೊಳ್ಳುವ ಹೆಸರಿನ ಬಿಲ್ಲೆಗಳಿದ್ದವು, ಹತ್ತೊಂಬತ್ತು. ಹತ್ತೊಂಬತ್ತು ಮನೆಗಳು ತಮ್ಮವನು ಸತ್ತನೋ ಇದ್ದಾನೋ ತಿಳಿಯದೆ ಸತ್ತವರ ದೀಪ ಹಚ್ಚಲಾರದೆ, ಕಾಯುವ ದೀಪ ಆರಿಸಲಾರದೆ ಇದ್ದವೆಂದು ಮುನಿರತ್ನಮ್ಮನಿಗೆ ಆಮೇಲೆ ಗೊತ್ತಾಯಿತು. ಆಗ ಅವರಿಗೆ ಕಂಡದ್ದು ಇಷ್ಟೇ: ಆ ಗಂಡಸು ಒಂದು ಬಿಲ್ಲೆಯನ್ನು ಬೆಳಕಿಗೆ ಹಿಡಿದು, ತುಟಿಯಲ್ಲೇ ಒಂದು ಹೆಸರು ಓದಿದ. ಬಿಲ್ಲೆಯನ್ನು ಹತ್ತಿಯ ಮೇಲೆ ಮೆಲ್ಲಗೆ ಮಲಗಿಸಿದ. ಇಲ್ವಾಳ ಕಡೆ ತಲೆ ಬಾಗಿಸಿದ. ಅವಳು ತನ್ನ ಜಾಗಕ್ಕೆ ಹೋಗಿ ಕೂತಳು.